ಮೂರು ಟಿ ಇರುವ ಸಿಯಾಟಲ್

ನನ್ನ ಅತ್ತೆ ಮೈಸೂರಿನ ತಂತಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ಎಂಬುದು ಮದುವೆಯ ಮಾತುಕತೆಯ ದಿನದಿಂದಲೂ ನನಗೆ ಗೊತ್ತಿತ್ತು. ಅಲ್ಲಿ ಏನು ಮಾಡುತ್ತಿದ್ದರು ಎಂಬುದು ಮಾತ್ರ ಗೊತ್ತಿರಲಿಲ್ಲ. ಕೌಂಟರಿನಲ್ಲಿ ಕೂತು ಫಾರಂ ತೆಗೆದುಕೊಳ್ಳುತ್ತಿದ್ದರು ಎಂದು ನಾನೇ ಅಂದುಕೊಂಡಿದ್ದೆ. ಹನ್ನೊಂದು ವರ್ಷ ಹಾಗೇ ಅಂದುಕೊಂಡಿದ್ದೆ. ಕೇಳಬಹುದಿತ್ತು, ಕೇಳಿರಲಿಲ್ಲ.

2013ರ ಏಪ್ರಿಲ್‌ನಲ್ಲಿ ಅವರು ಆರು ತಿಂಗಳಿಗೆಂದು ಅಮೆರಿಕಕ್ಕೆ, ಸಿಯಾಟಲ್ ಪಕ್ಕದ ವುಡಿನ್‌ವಿಲ್‌ನ ನಮ್ಮ ಮನೆಗೆ ಬಂದರು. ನಾನು ಬೆಲ್ವ್ಯೂವಿನ ಒಂದು ಕಂಪನಿಯಲ್ಲಿ ನೆಟ್‌ವರ್ಕ್ ಇಂಜಿನಿಯರ್. ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ. ಆ ಎರಡು ದಿನ ಮನೆಯಲ್ಲಿ ನಾವಿಬ್ಬರೇ ಇರುತ್ತಿದ್ದೆವು. ನಮ್ಮ ನಡುವೆ ಜಗಳವೇನೂ ಇರಲಿಲ್ಲ, ಮಾತೂ ಇರಲಿಲ್ಲ. "ಹುಳಿಗೆ ಏನು ಹಾಕ್ಲಿ?" "ಬೀನ್ಸ್ ಇದೆ ಅತ್ತೆ." "ಬಟ್ಟೆ ಒಣಗಿದ್ಯಾ?" "ಹ್ಞೂಂ ಅತ್ತೆ, ಡ್ರೈಯರ್‌ನಲ್ಲಿದೆ." ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ನಾನು ಹೆಡ್‌ಫೋನ್ ಹಾಕಿಕೊಂಡು ಮೀಟಿಂಗ್‌ನಲ್ಲಿ ಕೂತಿದ್ದರೆ ಅವರು ಬಾಗಿಲವರೆಗೆ ಬಂದು, ನಿಂತು, ಹಾಗೇ ವಾಪಸು ಹೋಗುತ್ತಿದ್ದರು.

ಆಗ ನನ್ನ ಮಗಳು ನಾಲ್ಕನೇ ತರಗತಿಯಲ್ಲಿದ್ದಳು. ಜೂನ್‌ನಲ್ಲಿ ತರಗತಿಗಳು ಮುಗಿಯುವ ಹೊತ್ತಿಗೆ ಅವಳ ಶಾಲೆಯಲ್ಲಿ ಒಂದು ಕಾರ್ಯಕ್ರಮ ಮಾಡುತ್ತಾರೆ. ಪ್ರತಿ ಮಗುವಿಗೂ ಹಳೆಯ ಕಾಲದ ಒಬ್ಬ ಪ್ರಸಿದ್ಧ ವ್ಯಕ್ತಿಯನ್ನು ಕೊಡುತ್ತಾರೆ. ಮಕ್ಕಳು ಆ ವೇಷ ಹಾಕಿಕೊಂಡು ಮೇಣದ ಗೊಂಬೆಗಳಂತೆ ಸಾಲಾಗಿ ನಿಂತಿರಬೇಕು. ಅಪ್ಪ ಅಮ್ಮಂದಿರು ಬಂದು ಮುಂದಿಟ್ಟ ಕಾಗದದ ಗುಂಡಿ ಒತ್ತಿದರೆ ಗೊಂಬೆಗೆ ಜೀವ ಬಂದು ತನ್ನ ಕಥೆ ಹೇಳಬೇಕು. ನನ್ನ ಮಗಳ ಪಾಲಿಗೆ ಬಂದವನು ತಂತಿ ಕಂಡುಹಿಡಿದವನೆಂದು ಪಠ್ಯಪುಸ್ತಕಗಳು ಹೇಳುವ ಆ ಅಮೆರಿಕದ ಚಿತ್ರಕಾರ.

ಒಂದು ಸಂಜೆ ಅವಳು ಅಡುಗೆಮನೆಯ ಮೇಜಿನ ಮೇಲೆ ಚಾರ್ಟು ಹರಡಿಕೊಂಡು ಗಟ್ಟಿಯಾಗಿ ಓದುತ್ತಿದ್ದಳು. ಅತ್ತೆ ಪಕ್ಕದಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ಮಗಳು ನಾವು ಕನ್ನಡದಲ್ಲಿ ಹೇಳಿದ್ದೆಲ್ಲ ತಿಳಿದುಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವವಳು. ಅತ್ತೆ ಇಂಗ್ಲಿಷ್ ಚೆನ್ನಾಗಿ ಬಲ್ಲವರಾದರೂ ಕನ್ನಡದಲ್ಲೇ ಮಾತಾಡುವವರು. ಅವರಿಬ್ಬರ ನಡುವೆ ಅದರಿಂದ ಯಾವ ತೊಂದರೆಯೂ ಆಗುತ್ತಿರಲಿಲ್ಲ.

"ಪುಟ್ಟಿ, ಅವನೊಬ್ಬನೇ ಕಂಡುಹಿಡಿದ ಅಂತ ಯಾರೇ ಹೇಳಿದ್ದು ನಿಂಗೆ?" ಎಂದರು ಅತ್ತೆ.

"ಮೈ ಟೀಚರ್. ಆಂಡ್ ದ ಬುಕ್."

"ಅವನ ದೇಶದಲ್ಲೇ ಒಬ್ಬ ಮೇಷ್ಟ್ರು ಇದ್ರು. ಕಬ್ಬಿಣಕ್ಕೆ ತಂತಿ ಸುತ್ತಿ ದೊಡ್ಡ ಅಯಸ್ಕಾಂತ ಮಾಡಿದ್ದು ಅವರು. ಅದಿಲ್ದಿದ್ರೆ ಇವನ ಕೈಲಿ ಏನಾಗ್ತಿತ್ತು? ಇನ್ನು ಇಂಗ್ಲೆಂಡಲ್ಲಿ ಇಬ್ರು. ಅವರು ಒಂದು ಹಲಗೆ ಮೇಲೆ ಐದು ಸೂಜಿ ಇಟ್ಟಿದ್ರು. ಎರಡು ಸೂಜಿ ತಿರುಗಿದ್ರೆ ಒಂದು ಅಕ್ಷರ ತೋರಿಸೋದು. ಅದರಲ್ಲಿ ಹಿಡಿಸಿದ್ದು ಇಪ್ಪತ್ತೇ ಅಕ್ಷರ. ಕ್ಯೂ ಇರ್ಲಿಲ್ಲ."

ಮಗಳು ಪೆನ್ಸಿಲ್ ಕೆಳಗಿಟ್ಟಳು. "ದೆನ್ ಹೌ ಡಿಡ್ ದೇ ರೈಟ್ ಕ್ವೀನ್?"

"ಕೆ, ಡಬ್ಲ್ಯು ಹಾಕ್ಕೊಂಡು."

ಅವಳು ಬಿದ್ದು ಬಿದ್ದು ನಕ್ಕಳು. ಅಷ್ಟು ದೊಡ್ಡ ಸಾಮ್ರಾಜ್ಯದ ರಾಣಿಯನ್ನೇ ತಪ್ಪಾಗಿ ಬರೆಯುವ ಯಂತ್ರ ಅವಳಿಗೆ ಬಹಳ ಹಿಡಿಸಿತು. ಅತ್ತೆ ಮುಂದುವರಿಸಿದರು. ಕಲ್ಕತ್ತೆಯಲ್ಲಿ ಐರ್ಲೆಂಡಿನಿಂದ ಬಂದ ಒಬ್ಬ ಡಾಕ್ಟರು ಬಿದಿರು ನೆಟ್ಟು, ಮೈಲಿಗಟ್ಟಲೆ ತಂತಿ ಎಳೆದಿದ್ದರಂತೆ. ಅಮೆರಿಕದವನು ತನ್ನ ಹೆಸರಾಂತ ಲೈನು ಹಾಕುವುದಕ್ಕೆ ಎಷ್ಟೋ ವರ್ಷ ಮೊದಲೇ. ಆ ಡಾಕ್ಟರ ಯಂತ್ರದಲ್ಲಿ ಸುದ್ದಿ ಓದಬೇಕಾದರೆ ತಂತಿಯ ತುದಿಗೆ ಬೆರಳು ಇಟ್ಟುಕೊಳ್ಳಬೇಕು. ಶಾಕ್ ಹೊಡೆದಷ್ಟು ಸಲ ಎಣಿಸಿಕೊಳ್ಳಬೇಕು. ಆಮೇಲೆ ದೇಶಕ್ಕೆಲ್ಲ ತಂತಿ ಹಾಕುವಾಗ ಆ ಡಾಕ್ಟರ ಜೊತೆ ಒಬ್ಬ ಬಂಗಾಳಿ ಇದ್ದರು. ಪದ್ಮಾ ನದಿ ದಾಟಿಸಲು ದೊಡ್ಡ ಹಡಗು ಸಿಗದಿದ್ದಾಗ ಅವರು ಮೀನುಗಾರರ ದೋಣಿಗಳಲ್ಲೇ ಕೇಬಲ್ ಸಾಗಿಸಿ ಮುಳುಗಿಸಿದರು.

ನಾನು ಒಲೆಯ ಮುಂದೆ ಸೌಟು ಹಿಡಿದುಕೊಂಡು ನಿಂತಿದ್ದೆ. "ಅತ್ತೆ, ಇದೆಲ್ಲ ನಿಮಗೆ ಹೇಗೆ ಗೊತ್ತು?"

"ಟ್ರೈನಿಂಗಲ್ಲಿ ನಮಗೊಬ್ರು ಮೇಷ್ಟ್ರಿದ್ರು. ಅವರಿಗೆ ಈ ಕಥೆ ಹೇಳೋದಂದ್ರೆ ಪ್ರಾಣ. ಪಾಠ ಕಮ್ಮಿ, ಕಥೆ ಜಾಸ್ತಿ."

"ಏನು ಟ್ರೈನಿಂಗ್?"

ಅವರು ನನ್ನನ್ನು ಸ್ವಲ್ಪ ವಿಚಿತ್ರವಾಗಿ ನೋಡಿದರು. "ಟೆಲಿಗ್ರಾಫಿಸ್ಟ್ ಟ್ರೈನಿಂಗ್ ಕಣಮ್ಮ. ಕಿವೀಲಿ ಕೇಳಿ ಬರ್ಕೊಳೋದು, ಕೈಲಿ ಕಳಿಸೋದು. ಮತ್ತೇನು ಅಂದ್ಕೊಂಡಿದ್ದೆ?"

ಸೇರಿದ ಮೊದಲ ಹದಿನೈದು ವರ್ಷ ಅವರು ಆ ಕಟಕಟ ಯಂತ್ರದ ಮುಂದೆ ಕೂತಿದ್ದರು. ಆಮೇಲೆ ಟೆಲಿಪ್ರಿಂಟರ್ ಬಂತು, ಕೊನೆಗೆ ಕಂಪ್ಯೂಟರ್. ಬೆಂಗಳೂರು, ಹಾಸನ, ಮಡಿಕೇರಿಯಿಂದ ಬರುವ ಸದ್ದನ್ನು ಕೇಳುತ್ತ, ಅತ್ತ ಕಡೆ ಕೂತಿರುವವರು ಯಾರೆಂದು ಕೈಯ ಓಟದಿಂದಲೇ ಗುರುತಿಸುತ್ತಿದ್ದರಂತೆ. ನನ್ನ ಗಂಡನನ್ನು ಕೇಳಿದೆ. "ಗೊತ್ತು, ಅಮ್ಮ ಏನೋ ತಂತಿ ಒತ್ತೋರು" ಎಂದರು. ಅವರಿಗೂ ಅದಕ್ಕಿಂತ ಹೆಚ್ಚು ತಿಳಿದಿರಲಿಲ್ಲ.

ಸಿಯಾಟಲ್‌ಗೆ ದಕ್ಷಿಣದ ಟಕ್ವಿಲಾದ ಗೋದಾಮುಗಳ ಸಾಲಿನಲ್ಲಿ, ಹಳೆಯ ಯಂತ್ರಗಳನ್ನು ಕೂಡಿಡುವ ಕೆಲವರು ಒಂದು ಹಾಲ್ ಇಟ್ಟುಕೊಂಡಿದ್ದಾರೆ, ತಿಂಗಳಿಗೊಂದು ಶನಿವಾರ ಜನರಿಗೆ ತೆರೆದಿಡುತ್ತಾರೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಜೂನ್ ತಿಂಗಳ ಎರಡನೇ ಶನಿವಾರ ಅತ್ತೆ, ಮಗಳು, ನಾನು ಮೂವರೂ 405 ಹೆದ್ದಾರಿಯಲ್ಲಿ ಹೊರಟೆವು. ಅತ್ತೆ ಮೈಸೂರು ಸಿಲ್ಕ್ ಉಟ್ಟಿದ್ದರು. ಗೋದಾಮಿಗೆ ಹೋಗಲು ರೇಷ್ಮೆ ಸೀರೆ ಯಾಕೆಂದು ನಾನು ಕೇಳಲಿಲ್ಲ.

ಹಾಲ್‌ನಲ್ಲಿ ಹಳೆಯ ಟೆಲಿಫೋನುಗಳು, ಸ್ವಿಚ್‌ಬೋರ್ಡುಗಳು ತುಂಬಿದ್ದವು. ಮೂಲೆಯ ಮೇಜಿನ ಮೇಲೆ ಎರಡು ತಂತಿ ಯಂತ್ರಗಳು. ಅಲ್ಲಿ ಎಂಬತ್ತರ ಹತ್ತಿರದ ಒಬ್ಬ ಅಮೆರಿಕನ್ ಮುದುಕರು ಕೂತಿದ್ದರು. ರಾಜ್ಯದ ಪೂರ್ವ ಭಾಗದಲ್ಲಿ, ಗೋಧಿ ಬೆಳೆಯುವ ಸೀಮೆಯ ಒಂದು ಸಣ್ಣ ರೈಲ್ವೆ ಸ್ಟೇಷನ್ನಿನಲ್ಲಿ ತಂತಿ ಕೆಲಸ ಮಾಡಿದ್ದವರು. ಕಿವಿ ಅಷ್ಟು ಚುರುಕಿರಲಿಲ್ಲ. ನನ್ನ ಅತ್ತೆಯೂ ಅದೇ ಕಸುಬಿನವರು ಎಂದು ನಾನು ಗಟ್ಟಿಯಾಗಿ ಹೇಳಿದಾಗ ಎದ್ದು ನಿಂತು ಕೈ ಕುಲುಕಿದರು. ಒಂದು ಹಳದಿ ಕಾಗದ, ಪೆನ್ಸಿಲ್ ಕೊಟ್ಟು ಎದುರಿಗೆ ಕೂರಿಸಿದರು. ಸುತ್ತ ಏಳೆಂಟು ಜನ ಸೇರಿದರು.

ಮುದುಕರು ಕಳಿಸತೊಡಗಿದರು. ಹಿತ್ತಾಳೆಯ ಸಣ್ಣ ಯಂತ್ರ ಕಟಕಟ ಎಂದು ಬಡಿದುಕೊಳ್ಳತೊಡಗಿತು. ಅತ್ತೆ ತಲೆ ತುಸು ವಾಲಿಸಿ, ಕಣ್ಣು ಅರ್ಧ ಮುಚ್ಚಿ ಬರೆಯಲು ಶುರುಮಾಡಿದರು. ಪೆನ್ಸಿಲ್ ನಿಂತಿತು. ಮತ್ತೆ ಬರೆದರು. ಮತ್ತೆ ನಿಂತಿತು. ಯಂತ್ರ ಸುಮ್ಮನಾದ ಮೇಲೆ ನಾನು ಬಗ್ಗಿ ನೋಡಿದೆ. ಕಾಗದದ ಮೇಲೆ ಇಂಗ್ಲಿಷ್ ಅಕ್ಷರಗಳೇನೋ ಸ್ಪಷ್ಟವಾಗಿದ್ದವು, ಅರ್ಥ ಮಾತ್ರ ಇರಲಿಲ್ಲ. ಕೊನೆಯ ಪದ ಸಿಯಾಟಲ್ ಆಗಿರಬಹುದು ಎನಿಸಿತು. ಆದರೆ ಅದರಲ್ಲಿ ಎಲ್ ಇರಲಿಲ್ಲ, ಎರಡು ಟಿ ಇರಬೇಕಾದ ಕಡೆ ಮೂರು ಟಿ ಇದ್ದವು.

"ಇನ್ನೊಂದ್ಸಲ ಕಳಿಸೋಕೆ ಹೇಳ್ಲಾ ಅತ್ತೆ?"

"ಬೇಡ."

ಮುದುಕರು ಕಾಗದ ನೋಡಿ ಸೌಜನ್ಯದಿಂದ ನಕ್ಕರು. ಬಹಳ ವರ್ಷಗಳಾದವು, ಎಲ್ಲರಿಗೂ ಮರೆಯುತ್ತದೆ ಎಂದರು. ಅಷ್ಟರಲ್ಲಿ ಹಿಂದಿನಿಂದ ಒಂದು ಕುಟುಂಬ ಮಕ್ಕಳನ್ನು ಕರೆದುಕೊಂಡು ಮುಂದೆ ಬಂತು. ಅತ್ತೆ ಎದ್ದು ಜಾಗ ಬಿಟ್ಟರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲೇ ಹಿಡಿದುಕೊಂಡರು.

ಕಾರಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಏನೋ ಸಮಾಧಾನ ಹೇಳಲು ಹೋದೆ. "ಇಪ್ಪತ್ತೈದು ವರ್ಷದ ಮೇಲಾಯ್ತಲ್ಲ ಅತ್ತೆ. ನಾನು ಕಾಲೇಜಲ್ಲಿ ಓದಿದ್ದು ನಂಗೆ ಒಂದೂ ನೆನಪಿಲ್ಲ."

"ಓದಿದ್ದು ಮರೆಯುತ್ತೆ. ಇದು ಮರೆಯೋ ಅಂಥದ್ದಲ್ಲ" ಎಂದರು. ಆಮೇಲೆ, "ಕಿವಿ ಹೋಯ್ತೋ ತಲೆ ಹೋಯ್ತೋ ಗೊತ್ತಾಗ್ತಿಲ್ಲ" ಎಂದರು. ಅವರ ಅಕ್ಕನಿಗೆ ಮರೆವಿನ ಕಾಯಿಲೆ ಬಂದದ್ದು ನನಗೆ ಗೊತ್ತಿತ್ತು. ಅವರು ಹೆದರಿದ್ದಾರೆ ಎಂದು ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮಗಳು ಲೈಬ್ರರಿಯ ಪುಸ್ತಕವನ್ನೂ ಅಜ್ಜಿಯ ಹಳದಿ ಕಾಗದವನ್ನೂ ಒಟ್ಟಿಗೆ ಹಿಡಿದು ಓಡಿ ಬಂದಳು. ಕಾಗದವನ್ನು ಅಜ್ಜಿ ಕಸದ ಬುಟ್ಟಿಗೆ ಹಾಕಿದ್ದರು, ಇವಳು ತೆಗೆದಿದ್ದಳು. ಪುಸ್ತಕದಲ್ಲಿ ತಂತಿಯ ಪ್ರತಿ ಅಕ್ಷರಕ್ಕೂ ಬಡಿಯುವ ಚುಕ್ಕೆ ಗೆರೆಗಳ ಪಟ್ಟಿ ಒಂದಲ್ಲ, ಎರಡಿತ್ತು. ಒಂದು ಅಮೆರಿಕದ್ದು, ಇನ್ನೊಂದು ಉಳಿದ ಜಗತ್ತಿನದು.

"ಅಜ್ಜಿ, ಲುಕ್! ಯೂ ಆರ್ ನಾಟ್ ರಾಂಗ್. ಹಿಸ್ ಎಲ್ ಈಸ್ ಜಸ್ಟ್ ಎ ಲಾಂಗ್ ಲೈನ್!"

ಅತ್ತೆ ಕನ್ನಡಕ ತಂದರು. ಅಮೆರಿಕದ ಪಟ್ಟಿಯಲ್ಲಿ ಎಲ್ ಎಂದರೆ ಒಂದೇ ಒಂದು ಉದ್ದ ಗೆರೆ. ಅತ್ತೆಯ ಪಟ್ಟಿಯಲ್ಲಿ ಒಂದು ಗೆರೆ ಎಂದರೆ ಟಿ. ಹಾಗಾಗಿ ಮುದುಕರು ಕಳಿಸಿದ ಎಲ್ ಅತ್ತೆಗೆ ಇನ್ನೊಂದು ಟಿ ಆಗಿ ಕೇಳಿಸಿತ್ತು. ಅವರ ಓ ಇವರಿಗೆ ಎರಡು ಇ ಆಗಿತ್ತು. ಅವರ ಸಿ ಒಡೆದು ಒಂದು ಐ, ಒಂದು ಇ ಆಗಿತ್ತು. ಅಜ್ಜಿ ಮೊಮ್ಮಗಳು ಒಂದೊಂದೇ ಅಕ್ಷರ ಹೊಂದಿಸುತ್ತ ಹೋದರು. ಉಪ್ಪಿಟ್ಟು ಆರಿಹೋಯಿತು. ಕೊನೆಗೆ ಕಾಗದದಲ್ಲಿದ್ದದ್ದು "ಸಿಯಾಟಲ್‌ಗೆ ಸ್ವಾಗತ" ಎಂಬ ಇಂಗ್ಲಿಷ್ ವಾಕ್ಯ ಎಂದು ಗೊತ್ತಾಯಿತು. ಅತ್ತೆ ಕೇಳಿಸಿಕೊಂಡದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಪುಸ್ತಕದಲ್ಲಿ ಅದರ ಕಾರಣವೂ ಇತ್ತು. ಚಿತ್ರಕಾರ ಮತ್ತು ಅವನ ಜೊತೆಗಾರ ಮಾಡಿದ ಸಂಕೇತ ಅಮೆರಿಕದ ಲೈನುಗಳಲ್ಲಿ ಹಾಗೇ ಉಳಿಯಿತು. ಯುರೋಪಿಗೆ ಹೋದಾಗ ಜರ್ಮನಿಯ ಒಬ್ಬ ಅಧಿಕಾರಿ ಅದರ ತೊಡಕುಗಳನ್ನು ತೆಗೆದು ಹಲವು ಅಕ್ಷರಗಳನ್ನು ಬೇರೆ ಮಾಡಿದ. ಮುಂದೆ ಜಗತ್ತಿಗೆಲ್ಲ ಹರಡಿದ್ದು ಆ ತಿದ್ದಿದ ಸಂಕೇತ. ಮೈಸೂರಿಗೆ ಬಂದದ್ದೂ ಅದೇ.

ಅತ್ತೆ ಪುಸ್ತಕ ಮುಚ್ಚಿದರು. "ನೋಡ್ದಾ? ನಾನು ಇಷ್ಟು ವರ್ಷ ಬಡಿದಿದ್ದೂ ಪೂರ್ತಿ ಅವನದ್ದಲ್ಲ" ಎಂದರು. ಅವತ್ತು ಅವರು ಎರಡು ಸಲ ಕಾಫಿ ಮಾಡಿಕೊಂಡರು, ಎರಡನೆಯ ಸಲ ಕೇಳದೆಯೇ ನನ್ನ ಮೇಜಿನ ಮೇಲೂ ಒಂದು ಲೋಟ ತಂದಿಟ್ಟರು.

ಮಗಳಿಗೆ ಹೊಸ ಸಮಸ್ಯೆ ಎದುರಾಯಿತು. ಒಬ್ಬರ ವೇಷವನ್ನೇ ಹಾಕಬೇಕು, ಗುಂಪಿನದು ಆಗುವುದಿಲ್ಲ ಎಂದು ಟೀಚರ್ ಹೇಳಿದರು. ಅದೂ ಸರಿಯೇ, ಇಪ್ಪತ್ತಾರು ಮಕ್ಕಳನ್ನು ನಿಭಾಯಿಸಬೇಕಿತ್ತು. ಕೊನೆಗೆ ಅವಳು ಹತ್ತಿಯ ಗಡ್ಡ ಅಂಟಿಸಿಕೊಂಡು ಆ ಚಿತ್ರಕಾರನಾಗಿಯೇ ನಿಂತಳು. ಗುಂಡಿ ಒತ್ತಿದವರಿಗೆಲ್ಲ ಕಥೆ ಹೇಳಿ, ಕೊನೆಯಲ್ಲಿ ಬೆರಳು ಮಡಚುತ್ತ ಅಯಸ್ಕಾಂತದ ಮೇಷ್ಟ್ರು, ಇಂಗ್ಲೆಂಡಿನ ಇಬ್ಬರು, ಕಲ್ಕತ್ತೆಯ ಡಾಕ್ಟರು, ದೋಣಿಯ ಬಂಗಾಳಿ, ಜರ್ಮನಿಯ ಅಧಿಕಾರಿ, ಎಲ್ಲರನ್ನೂ ಹೇಳಿದಳು. ಅಷ್ಟು ಹೊತ್ತು ಕೇಳುವ ವ್ಯವಧಾನ ಎಲ್ಲರಿಗೂ ಇರಲಿಲ್ಲ. ಅರ್ಧದಲ್ಲೇ ಮುಂದಿನ ಗೊಂಬೆಯ ಕಡೆ ಹೋದವರೇ ಹೆಚ್ಚು. ಅತ್ತೆ ಮೂರು ಸಲ ಸಾಲಿನಲ್ಲಿ ನಿಂತು ಮೂರು ಸಲ ಗುಂಡಿ ಒತ್ತಿದರು.

ಆ ವಾರವೇ ಮೈಸೂರಿನಿಂದ ಅವರ ಹಳೆಯ ಸಹೋದ್ಯೋಗಿಯ ಫೋನ್ ಬಂತು. ಜುಲೈ ಮಧ್ಯಕ್ಕೆ ದೇಶದಲ್ಲಿ ತಂತಿ ಸೇವೆ ನಿಲ್ಲಿಸುತ್ತಾರಂತೆ. ಅತ್ತೆ "ಹೌದಾ" ಎಂದರು, ಅವರ ಮೊಣಕಾಲು ನೋವು ವಿಚಾರಿಸಿದರು, ಫೋನ್ ಇಟ್ಟರು. ಆಮೇಲೆ ನನ್ನ ಹತ್ತಿರ ಬಂದು ಕೇಳಿದರು:

"ಆ ಹಾಲ್ ಮತ್ತೆ ಯಾವಾಗ ತೆಗೀತಾರೆ?"

"ಮುಂದಿನ ತಿಂಗಳು, ಎರಡನೇ ಶನಿವಾರ."

"ಹನ್ನೊಂದೇ ಅಕ್ಷರ ಬೇರೆ ಇರೋದು. ಕಲಿಯೋಣ."

ನಾಲ್ಕು ವಾರ ಅಡುಗೆಮನೆಯ ಕಲ್ಲಿನ ಮೇಲೆ ಚಮಚದ ಸದ್ದು. ನಾನು ಮಧ್ಯಾಹ್ನದ ಊಟದ ಸಮಯದಲ್ಲಿ ಪಟ್ಟಿ ಹಿಡಿದುಕೊಂಡು ಕುಟ್ಟುವುದು, ಅವರು ಬರೆಯುವುದು. ನನ್ನ ಕೈ ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ. "ಬಾಗಿಲು ತಟ್ಟಿದ ಹಾಗೆ ತಟ್ತೀಯಲ್ಲೇ. ಮಣಿಕಟ್ಟು ಸಡಿಲ ಬಿಡು" ಎನ್ನುತ್ತಿದ್ದರು. "ತಟ್ತೀಯಲ್ಲೇ" ಎಂದು ಅವರು ನನಗೆ ಅಂದದ್ದು ಅದೇ ಮೊದಲು. ಅಲ್ಲಿಯವರೆಗೆ ಬರೀ "ಅಮ್ಮ" ಇತ್ತು.

ಹಾಗೆ ಅಭ್ಯಾಸ ಮಾಡುವಾಗ ಒಂದು ದಿನ ಮಗಳ ಚಾರ್ಟು ಅಲ್ಲೇ ಗೋಡೆಗೆ ಒರಗಿತ್ತು. ಆ ಚಿತ್ರಕಾರ ದೂರದ ಊರಿನಲ್ಲಿ ಚಿತ್ರ ಬರೆಯುತ್ತಿದ್ದಾಗ ಅವನ ಹೆಂಡತಿ ತೀರಿಕೊಂಡಳು, ಕಾಗದ ತಲುಪಿ ಅವನು ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು ಎಂಬ ಸಂಗತಿಯನ್ನು ಮಗಳು ದೊಡ್ಡ ಅಕ್ಷರದಲ್ಲಿ ಬರೆದಿದ್ದಳು. ಅತ್ತೆ ಅದನ್ನೇ ನೋಡುತ್ತ ಪೆನ್ಸಿಲ್ ಕೆಳಗಿಟ್ಟರು.

"ಪಾಪ, ಸುದ್ದಿ ತಡವಾಗಿ ಬಂತು ಅಂತ ಅವನಿಗೆ ಸಂಕಟ. ಬೇಗ ಬಂದ್ರೆ ಹೇಗಿರುತ್ತೆ ಅಂತ ಅವನಿಗೆ ಗೊತ್ತಿರ್ಲಿಲ್ಲ."

ನಾನು ಕುಟ್ಟುವುದು ನಿಲ್ಲಿಸಿದೆ.

"ಸಾವಿನ ತಂತಿಗೆ ಮೊದಲು ಎರಡು ಎಕ್ಸ್ ಬರುತ್ತೆ. ಅದು ಬಂದ್ರೆ ಮಿಕ್ಕಿದ್ದೆಲ್ಲ ಪಕ್ಕಕ್ಕಿಟ್ಟು ಅದನ್ನ ತಗೋಬೇಕು. ಒಂದಿನ ಹಾಸನದಿಂದ ಬಂತು. ಬರ್ಕೊಂಡೆ. ವಿಳಾಸ ನಮ್ಮನೇದು. ಹೆಸರು ನಮ್ಮಪ್ಪಂದು. ತೀರ್ಕೊಂಡಿದ್ದು ನನ್ನ ತಂಗಿ, ಅವಳನ್ನ ಹಾಸನಕ್ಕೆ ಕೊಟ್ಟಿದ್ವಿ. ಹೆರಿಗೇಲಿ ಹೋದ್ಲು."

"ಆಮೇಲೆ?"

"ಆಮೇಲೇನು. ಪದ ಎಣಿಸಿದೆ, ಟೈಮ್ ಹಾಕಿದೆ, ಹಂಚೋರ ಕೈಲಿ ಕೊಟ್ಟೆ. ಅವರು ಸೈಕಲ್ ತಗೊಂಡು ನಮ್ಮನೆಗೇ ಹೋದ್ರು."

"ನೀವು ಎದ್ದು ಹೋಗ್ಲಿಲ್ವಾ ಅತ್ತೆ?"

"ಲೈನಲ್ಲಿ ಇನ್ನೂ ಏಳೆಂಟು ತಂತಿ ಕಾಯ್ತಿದ್ವು. ಅದರಲ್ಲಿ ಯಾರದ್ದೋ ಮದುವೆ ಶುಭಾಶಯಾನೂ ಇತ್ತು. ನನ್ನ ಜಾಗಕ್ಕೆ ಕೂರೋರು ಬರೋವರೆಗೂ ತಗೊಂಡೆ. ಅರ್ಧ ಗಂಟೆ ಆಗಿರ್ಬೇಕು." ಅವರು ಪೆನ್ಸಿಲ್ ಕೈಗೆ ತೆಗೆದುಕೊಂಡರು. "ಅತ್ತ ಕಡೆ ಇದ್ದವರಿಗೆ ಗೊತ್ತಾಗ್ಲಿಲ್ಲ. ನನ್ನ ಕೈ ಅಲುಗಾಡ್ಲಿಲ್ಲ. ಅದಕ್ಕೆ ಎಷ್ಟೋ ದಿನ ನನ್ನ ಮೇಲೆ ನಂಗೇ ಕೋಪ ಇತ್ತು. ಹ್ಞಾಂ, ನೀನು ಕುಟ್ಟು. ಪಿ ಮತ್ತೆ ಕಳಿಸು."

ನಾನು ಕುಟ್ಟಿದೆ. ಐದು ಚುಕ್ಕೆ. ಕಣ್ಣು ಒರೆಸಿಕೊಂಡದ್ದು ನಾನು, ಅವರಲ್ಲ. ಆ ಸಂಜೆ ನನ್ನ ಗಂಡನಿಗೆ ಇದನ್ನು ಹೇಳಿದೆ. ತನ್ನ ಚಿಕ್ಕಮ್ಮ ಒಬ್ಬರು ಚಿಕ್ಕ ವಯಸ್ಸಿನಲ್ಲೇ ಹೋದರು ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಅವರು ಎದ್ದು ಹೋಗಿ ತಾಯಿಯ ಪಕ್ಕ ಸೋಫಾದಲ್ಲಿ ಕೂತರು. ಇಬ್ಬರೂ ಟಿವಿ ನೋಡಿದರು.

ಜುಲೈಯ ಎರಡನೇ ಶನಿವಾರ ಮತ್ತೆ ಟಕ್ವಿಲಾಗೆ ಹೋದೆವು. ಈ ಸಲ ಅತ್ತೆ ಸಾಧಾರಣ ಹತ್ತಿ ಸೀರೆ ಉಟ್ಟಿದ್ದರು. ಮುದುಕರು ನಮ್ಮನ್ನು ಗುರುತಿಸಿದರು. ನಾನು ಎರಡು ಪಟ್ಟಿಗಳ ವಿಷಯ ಹೇಳಿದಾಗ ಹಣೆ ಬಡಿದುಕೊಂಡರು. ಹಡಗಿನವರೂ ಹೊರದೇಶದವರೂ ಬಳಸುವ ಸಂಕೇತ ಬೇರೆ ಎಂದು ತನಗೆ ಗೊತ್ತಿತ್ತು, ಅದು ಆ ಹೊತ್ತಿಗೆ ಹೊಳೆಯಲೇ ಇಲ್ಲ, ಮರೆಯುತ್ತದೆ ಎಂದು ಬೇರೆ ಹೇಳಿಬಿಟ್ಟೆ ಎಂದು ಅತ್ತೆಯ ಕ್ಷಮೆ ಕೇಳಿದರು. ಆಮೇಲೆ ಕಳಿಸಿದರು, ನಿಧಾನವಾಗಿ ಶುರುಮಾಡಿ ಬರಬರುತ್ತ ವೇಗವಾಗಿ. ಅತ್ತೆಯ ಪೆನ್ಸಿಲ್ ಎಲ್ಲೂ ನಿಲ್ಲಲಿಲ್ಲ. ಅದು ಹಳೆಯ ಗೋಧಿ ರೈಲಿನ ಒಂದು ಆದೇಶ, ಎಷ್ಟು ಬೋಗಿ, ಯಾವ ಸ್ಟೇಷನ್ನಿನಲ್ಲಿ ನಿಲ್ಲಬೇಕು ಎಂಬುದೆಲ್ಲ. ಒಂದು ಕಡೆ ಮಾತ್ರ ಒಂದು ಅಂಕಿ ತಪ್ಪಿತು. ಅಂಕಿಗಳ ಸಂಕೇತವೂ ಬೇರೆ ಎಂಬುದನ್ನು ಗಮನಿಸದೆ ನಾವು ಅವನ್ನು ಅಭ್ಯಾಸ ಮಾಡಿರಲಿಲ್ಲ.

"ನಿಂದೇ ತಪ್ಪು" ಎಂದರು ಅತ್ತೆ ನನ್ನ ಕಡೆ ತಿರುಗಿ.

ಆಮೇಲೆ ಅವರ ಸರದಿ. ತಂತಿ ಯಂತ್ರದ ಗುಂಡಿಯ ಮೇಲೆ ಎರಡು ಬೆರಳು ಇಟ್ಟು ಒಂದು ಪದ ಕಳಿಸಿದರು. ಮುದುಕರು ಕಿವಿ ಯಂತ್ರದ ಹತ್ತಿರ ತಂದು ಕೇಳಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರು: ಮೈಸೂರು, ಇಂಗ್ಲಿಷಿನಲ್ಲಿ, ಒಂದು ಅಕ್ಷರವೂ ತಪ್ಪದೆ. ಇದೇನು, ನಿಮ್ಮ ಹೆಸರೇ ಎಂದು ಕೇಳಿದರು. ಊರು ಎಂದು ಅತ್ತೆ ಇಂಗ್ಲಿಷಿನಲ್ಲೇ ಹೇಳಿದರು. ಆ ಮಧ್ಯಾಹ್ನ ಅವರಿಬ್ಬರೂ ಒಂದೂವರೆ ಗಂಟೆ ಹಾಗೆ ಕೂತಿದ್ದರು. ಮುದುಕರಿಗೆ ಅತ್ತೆಯ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ, ಅತ್ತೆಗೆ ಅವರ ಉಚ್ಚಾರ ಹಿಡಿಯುತ್ತಿರಲಿಲ್ಲ. ಯಂತ್ರದ ಮೇಲೆ ಮಾತ್ರ ಇಬ್ಬರೂ ಚೆನ್ನಾಗಿ ಮಾತಾಡಿಕೊಂಡರು. ಮರುದಿನ ಭಾರತದಲ್ಲಿ ಕೊನೆಯ ತಂತಿಗಳು ಹೋಗಲಿವೆ ಎಂದು ಅತ್ತೆ ಅದರ ಮೇಲೆಯೇ ತಿಳಿಸಿದರು. ಮುದುಕರು ಏನು ಉತ್ತರ ಕಳಿಸಿದರು ಎಂದು ನಾನು ಕೇಳಿದ್ದಕ್ಕೆ, "ನಮ್ಮಿಬ್ಬರ ವಿಷ್ಯ, ನಿಂಗ್ಯಾಕೆ" ಎಂದು ನಕ್ಕರು.

ಅಕ್ಟೋಬರ್‌ನಲ್ಲಿ ಅವರು ಮೈಸೂರಿಗೆ, ನನ್ನ ನಾದಿನಿಯ ಮನೆಗೆ ವಾಪಸಾದರು. ಮರುವರ್ಷ ಡಿಸೆಂಬರ್‌ನಲ್ಲಿ ನಾನು ರಜೆಗೆ ಹೋದಾಗ ಒಂದು ಬೆಳಿಗ್ಗೆ, "ಬಾ, ಆಫೀಸ್ ನೋಡ್ಕೊಂಡ್ ಬರೋಣ" ಎಂದು ಆಟೋ ಹತ್ತಿಸಿದರು. ಅವರು ಕೂರುತ್ತಿದ್ದ ಕೋಣೆಯಲ್ಲಿ ಈಗ ಕಬ್ಬಿಣದ ಬೀರುಗಳಿದ್ದವು. ಯಂತ್ರ ಇದ್ದ ಜಾಗ, ಕಿಟಕಿ, ನೀರಿನ ಹೂಜಿ ಇಡುತ್ತಿದ್ದ ಮೂಲೆ, ಎಲ್ಲವನ್ನೂ ಬೆರಳು ಮಾಡಿ ತೋರಿಸಿದರು. ಒಬ್ಬ ಗುಮಾಸ್ತರು ಬಂದು ಯಾರು ಬೇಕಿತ್ತು ಎಂದು ವಿಚಾರಿಸಿದರು.

"ಯಾರೂ ಬೇಡಪ್ಪ. ನಾನು ಇಲ್ಲೇ ಟೆಲಿಗ್ರಾಫಿಸ್ಟ್ ಆಗಿದ್ದೆ. ನಮ್ಮ ಸೊಸೆಗೆ ತೋರಿಸ್ತಿದ್ದೆ. ಇವಳೂ ಅಮೆರಿಕಾದಲ್ಲಿ ಲೈನ್ ಕೆಲಸಾನೇ ಮಾಡೋದು."

ನನ್ನ ಕೆಲಸವನ್ನು ಅಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಗುಮಾಸ್ತರು ಎರಡು ಕುರ್ಚಿ ಎಳೆದು, ಧೂಳು ಒರೆಸಿ, "ಕೂತ್ಕೊಳಿ ಮೇಡಂ, ಕಾಫಿ ತರಿಸ್ತೀನಿ" ಎಂದರು. ಅತ್ತೆ ಬೇಡ ಎನ್ನಲಿಲ್ಲ.